ನೆರವಿಗೆ ನಿಲ್ಲುವವರ ಜಾಡು ಹಿಡಿದು

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ಸುತ್ತತೊಡಗಿದರು. ಮಠದ ಜೋಳಿಗೆ ಬಂತೆಂದರೆ ಜೋಳ ತಂದು ಸುರಿಯುವುದು ಈ ಸೀಮೆಯ ರೂಢಿ. ಇವರು ಜೋಳ ಕೇಳಲಿಲ್ಲ, ರೊಕ್ಕವನ್ನೂ ಕೇಳಲಿಲ್ಲ. ನಿಮ್ಮ ಚಟವನ್ನು ಇದರೊಳಗೆ ಹಾಕಿರಿ ಎಂದು ಬೇಡಿದರು. ಬೀಡಿ ಕಟ್ಟು, ತಂಬಾಕಿನ ಚೀಟಿ, ಇನ್ನು ಮೇಲೆ ಸೆರೆ ಮುಟ್ಟುವುದಿಲ್ಲವೆಂಬ ಮಾತು, ಎಲ್ಲ ಆ ಬಟ್ಟೆಯ ಚೀಲಕ್ಕೆ ಬಿದ್ದವು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಕಾಯಕವನ್ನು ಅವರು ದಶಕಗಳ ಕಾಲ ನಡೆಸಿದರು. 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಅದೇ ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರ ಸ್ವಾಮಿಗಳು ಇದನ್ನು ಕಟ್ಟಿದ್ದು 1909ರಲ್ಲಿ. ಮುಂದೆ ಮಠಗಳನ್ನು ಹೊತ್ತು ನಡೆಸಬೇಕಾದ ವಟುಗಳಿಗೆ ಇಲ್ಲಿ ವಿದ್ಯೆ, ಯೋಗ, ಶಿಸ್ತು ಎಲ್ಲವನ್ನೂ ಕಲಿಸಲಾಗುತ್ತಿತ್ತು. ಊರಿಗೆ ಆಸರೆಯಾಗುವವರನ್ನು ಎಳೆತನದಲ್ಲೇ ಗುರುತಿಸಿ ತಯಾರು ಮಾಡುವ ಕೆಲಸ ಅದು. ಕುಮಾರ ಸ್ವಾಮಿಗಳ ಕಣ್ಣು ಎಂಥದು ಎನ್ನುವುದಕ್ಕೆ ಗದಿಗೆಯ್ಯನೆಂಬ ಹುಡುಗನೇ ಸಾಕ್ಷಿ. ಹುಟ್ಟುಕುರುಡನಾದ ಅವನ ದನಿ ಕೇಳಿ ಜತೆಗೆ ಕರೆದುಕೊಂಡರು, ಕರ್ನಾಟಕಿ, ಹಿಂದುಸ್ತಾನಿ ಎರಡೂ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆಯಿತು. ಅಲ್ಲಿ ಪುಟ್ಟರಾಜ ಗವಾಯಿಗಳು, ಅವರ ನಂತರ ಎಷ್ಟೋ ಅಂಧ ಮಕ್ಕಳು ಸಂಗೀತದಿಂದ ಬದುಕು ಕಟ್ಟಿಕೊಂಡರು.

ಮಹಾಂತ ಸ್ವಾಮೀಜಿ, ಕುಮಾರ ಸ್ವಾಮಿಗಳು, ಪಂಚಾಕ್ಷರಿ ಗವಾಯಿಗಳು, ಈ ಮೂವರೂ ಜನರಿಗಾಗಿ ಬಾಳಿದವರು. ಆದರೆ ಮೂವರ ಜಾಯಮಾನ ಒಂದೇ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬರು ಕಂಡವರ ಮನೆ ಬಾಗಿಲಿಗೇ ಹೋಗಿ, ಎದುರು ನಿಂತು, ಮನ ಒಲಿಸಿದವರು. ಇನ್ನೊಬ್ಬರು ಸಂಸ್ಥೆ ಕಟ್ಟಿದವರು, ತಕ್ಕವರನ್ನು ತಕ್ಕ ಜಾಗಕ್ಕೆ ಕೂರಿಸಿದವರು. ಮತ್ತೊಬ್ಬರು ಕಲೆಯನ್ನೇ ಊರುಗೋಲು ಮಾಡಿ ಕೊಟ್ಟವರು. ಸಹಾಯ ಮಾಡುವ ಸ್ವಭಾವ ಎಂಬುದೊಂದು ನಿಜವಾಗಿ ಇದೆಯೇ? ಇದ್ದರೆ ಅದು ಒಂದೇ ಬಗೆಯದೇ? ಇವತ್ತು ಬಾಗಲಕೋಟೆಯಲ್ಲೋ ಹುನಗುಂದದಲ್ಲೋ ಪಿಯುಸಿ ಓದುವ ಮಕ್ಕಳನ್ನು ಮುಂದೇನು ಮಾಡುತ್ತೀರಿ ಎಂದು ಕೇಳಿದರೆ “ನಾಕ್ ಮಂದಿಗೆ ಉಪಯೋಗ ಆಗೂ ಕೆಲಸ ಮಾಡಬೇಕ್ರಿ ಸರ” ಎನ್ನುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಅಂಥ ಮಗುವಿಗೆ ನಾವು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಹಾಗಾದರೆ ಡಾಕ್ಟರಾಗು. ಈ ಉತ್ತರ ಎಷ್ಟು ಅರೆಬರೆ ಎನ್ನುವುದು ತಿಳಿಯಬೇಕಾದರೆ ಸ್ವಭಾವವನ್ನೂ ಉದ್ಯೋಗವನ್ನೂ ಹೊಂದಿಸುವ ವಿದ್ಯೆ ಹೇಗೆ ಕಂಡುಬಂತು ಎಂಬ ಕತೆ ಗೊತ್ತಿರಬೇಕು.

ಆ ಕತೆಯ ಮೊದಲ ಅಧ್ಯಾಯ ಅಮೆರಿಕದ ಬಾಸ್ಟನ್ ನಗರದ್ದು. ಅಲ್ಲಿನ ನಾರ್ತ್ ಎಂಡ್ ಆಗ ವಲಸೆ ಬಂದ ಬಡವರ ಬಡಾವಣೆ. 1908ರ ಜನವರಿಯಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಅಲ್ಲಿ ವೊಕೇಶನ್ ಬ್ಯೂರೋ ತೆರೆದ. ಪಾರ್ಸನ್ಸ್ ಎಂಜಿನಿಯರಿಂಗ್ ಓದಿದ್ದ, ಶಾಲೆಯಲ್ಲಿ ಕಲಿಸಿದ್ದ, ವಕೀಲಿಯನ್ನೂ ಮಾಡಿದ್ದ. ಕೆಲಸ ಹುಡುಕುತ್ತ ಬಂದ ಹುಡುಗ ಹುಡುಗಿಯರಿಗೆ ಆತ ಹೇಳಿದ್ದು ಇಷ್ಟು: ಮೊದಲು ನಿನ್ನನ್ನು ನೀನು ತಿಳಿ, ಆಮೇಲೆ ಉದ್ಯೋಗಗಳನ್ನು ತಿಳಿ, ಕೊನೆಗೆ ಎರಡನ್ನೂ ಎದುರುಬದುರು ಇಟ್ಟು ಯೋಚಿಸು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾರ್ಸನ್ಸ್ ತೀರಿಕೊಂಡ. ಅವನ ಪುಸ್ತಕ ಹೊರಬಂದದ್ದು 1909ರಲ್ಲಿ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ಶುರುವಾದ ವರ್ಷವೇ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಒಂದೇ ಪ್ರಶ್ನೆಗೆ ಕೈ ಹಾಕಿದ್ದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಪಾರ್ಸನ್ಸನ ಮಾತು ಸರಿಯೇ. ಆದರೆ ನಿನ್ನನ್ನು ನೀನು ತಿಳಿ ಎಂದರೆ ಏನನ್ನು ನೋಡಿ ತಿಳಿಯುವುದು? ಹದಿನೇಳರ ಹುಡುಗಿ ತನ್ನೊಳಗೆ ಇಣುಕಿದರೆ ಅವಳಿಗೆ ಕಾಣುವುದು ಅಪ್ಪನ ಆಸೆ, ಗೆಳತಿಯ ಆಯ್ಕೆ, ಸಿನಿಮಾದಲ್ಲಿ ಕಂಡ ಬಿಳಿ ಕೋಟು. 1927ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಟ್ರಾಂಗ್ ಒಂದು ದಾರಿ ತೋರಿಸಿದ. ಒಂದೊಂದು ಉದ್ಯೋಗದಲ್ಲಿ ನೆಲೆ ನಿಂತವರ ಇಷ್ಟಾನಿಷ್ಟಗಳನ್ನು ಕಲೆಹಾಕಿ, ಹೊಸಬರ ಇಷ್ಟಾನಿಷ್ಟ ಯಾರ ಜತೆ ಹೆಚ್ಚು ಕೂಡುತ್ತದೆ ಎಂದು ಲೆಕ್ಕ ಹಾಕುವುದು. ಉಪಯೋಗವಾಯಿತು. ಆದರೆ ಉದ್ಯೋಗಗಳು ಸಾವಿರಾರು, ಪಟ್ಟಿಗೆ ಕೊನೆಯಿಲ್ಲ. ಅಷ್ಟೊಂದು ಪಟ್ಟಿಯ ಹಿಂದೆ ಇರುವ ಸರಳ ವಿನ್ಯಾಸ ಕಂಡದ್ದು ಕಾಲೇಜಿನ ಪ್ರಯೋಗಾಲಯದಲ್ಲಲ್ಲ, ಸೈನ್ಯಕ್ಕೆ ಜನ ಸೇರಿಸುವ ಕೋಣೆಯಲ್ಲಿ.

ಜಾನ್ ಹಾಲೆಂಡ್ ಹುಟ್ಟಿದ್ದು 1919ರಲ್ಲಿ, ನೆಬ್ರಾಸ್ಕಾದ ಒಮಾಹಾದಲ್ಲಿ. ಅಲ್ಲೇ ಮನಶ್ಶಾಸ್ತ್ರದ ಪದವಿ ಮುಗಿಸಿ 1942ರಲ್ಲಿ ಸೈನ್ಯ ಸೇರಿದ. ಬಂದೂಕಿಗಿಂತ ಹೆಚ್ಚಾಗಿ ಅವನ ಕೈಗೆ ಬಂದದ್ದು ಕಾಗದ. ಹೊಸದಾಗಿ ಬಂದವರನ್ನು ಸಂದರ್ಶಿಸಿ, ಮೊದಲು ಏನು ಕೆಲಸ ಮಾಡಿಕೊಂಡಿದ್ದರು ಎಂದು ಕೇಳಿ, ಸೈನ್ಯದ ವರ್ಗೀಕರಣಕ್ಕೆ ಸರಿಯಾಗಿ ಗುರುತು ಹಾಕುವುದು ಅವನ ಪಾಲಿನ ಕೆಲಸಗಳಲ್ಲೊಂದು. ಒಬ್ಬ ಬಂದು ನಿಲ್ಲುತ್ತಾನೆ: ಮೊದಲು ಗ್ಯಾರೇಜಿನಲ್ಲಿದ್ದೆ, ಆಮೇಲೆ ಟ್ರಕ್ ಓಡಿಸಿದೆ, ಆಮೇಲೆ ಹೊಲದ ಯಂತ್ರ ರಿಪೇರಿ ಮಾಡಿದೆ ಎನ್ನುತ್ತಾನೆ. ಇನ್ನೊಬ್ಬ ಅಂಗಡಿಯಲ್ಲಿ ಮಾರಾಟಕ್ಕಿದ್ದವ, ಬಳಿಕ ವಿಮೆ ಮಾಡಿಸಿದವ, ಊರ ಸಂಘದ ಚುನಾವಣೆಗೆ ನಿಂತವ. ಮತ್ತೊಬ್ಬ ಶಾಲೆಯಲ್ಲಿ ಪಾಠ ಹೇಳಿದವ, ರಜೆಯಲ್ಲಿ ಮಕ್ಕಳ ಶಿಬಿರ ನಡೆಸಿದವ, ಚರ್ಚಿನಲ್ಲಿ ಕಾಯಿಲೆಯವರನ್ನು ನೋಡಿಕೊಂಡವ. ಇಂಥ ಕತೆಗಳನ್ನು ಕೇಳುತ್ತ ಕೇಳುತ್ತ ಹಾಲೆಂಡನಿಗೆ ಒಂದು ವಿಷಯ ಹೊಳೆಯಿತು. ಬಾಳಿನ ದಾರಿ ಎಷ್ಟೇ ಅಡ್ಡಾದಿಡ್ಡಿಯಾಗಿ ಕಂಡರೂ ಒಬ್ಬ ಮನುಷ್ಯ ಹಿಡಿದು ಬಿಟ್ಟ ಕೆಲಸಗಳು ಒಂದೇ ಬಳಗಕ್ಕೆ ಸೇರಿರುತ್ತವೆ, ಮತ್ತು ಇಂಥ ಬಳಗಗಳು ಬಹಳ ಇಲ್ಲ, ಬೆರಳಲ್ಲಿ ಎಣಿಸುವಷ್ಟೇ ಇವೆ.

ಹೊಳೆದದ್ದನ್ನು ಸಿದ್ಧಾಂತವಾಗಿ ನಿಲ್ಲಿಸಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು. ಯುದ್ಧ ಮುಗಿದ ಮೇಲೆ ಹಾಲೆಂಡ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದ. ಮುಂದೆ ಮೇರಿಲ್ಯಾಂಡಿನ ಪೆರಿ ಪಾಯಿಂಟಿನಲ್ಲಿ, ಯುದ್ಧದಿಂದ ಮರಳಿದ ಸೈನಿಕರ ಆಸ್ಪತ್ರೆಯಲ್ಲಿ, ಉದ್ಯೋಗ ಸಲಹೆಯ ವಿಭಾಗ ನೋಡಿಕೊಂಡ. ಮನಸ್ಸು ಮುರಿದುಕೊಂಡು ಬಂದವರಿಗೆ ಉದ್ದುದ್ದ ಪ್ರಶ್ನಾವಳಿ ಕೊಟ್ಟರೆ ಏನು ಫಲ? ಅವನು ರೂಪಿಸಿದ ಪಟ್ಟಿಯಲ್ಲಿ ಪ್ರಶ್ನೆಗಳೇ ಇರಲಿಲ್ಲ, ಬರೀ ಉದ್ಯೋಗಗಳ ಹೆಸರುಗಳಿದ್ದವು. ಇಷ್ಟವಾದರೆ ಹೌದು, ಆಗದಿದ್ದರೆ ಇಲ್ಲ. ಬಡಗಿ ಎಂದಾಗ, ದಾದಿ ಎಂದಾಗ, ಗುಮಾಸ್ತ ಎಂದಾಗ ಮನಸ್ಸು ಯಾವ ಕಡೆ ವಾಲುತ್ತದೋ ಅದರಲ್ಲೇ ಮನುಷ್ಯನ ಸ್ವಭಾವ ಬಯಲಾಗುತ್ತದೆ ಎಂಬುದು ಅವನ ನಂಬಿಕೆ. 1959ರಲ್ಲಿ ಸಿದ್ಧಾಂತ ಅಚ್ಚಾಯಿತು. ಆರು ಬಗೆಯ ಮನುಷ್ಯರು, ಆರು ಬಗೆಯ ಕೆಲಸದ ವಾತಾವರಣಗಳು; ತನ್ನ ಬಗೆಗೆ ಹೊಂದುವ ವಾತಾವರಣ ಸಿಕ್ಕವರು ಅಲ್ಲಿ ನೆಲೆ ನಿಲ್ಲುತ್ತಾರೆ.

ಆರು ಬಗೆಗಳನ್ನು ನಮ್ಮ ಕಣ್ಣೆದುರಿನ ಜನರಲ್ಲಿ ಕಾಣಬಹುದು. ಇಳಕಲ್ಲಿನಲ್ಲಿ ಗ್ರಾನೈಟ್ ಕೊರೆಯುವವರು, ಮಗ್ಗ ಕೆಟ್ಟರೆ ಸರಿಮಾಡುವವರು ಕೈ ಮತ್ತು ಸಲಕರಣೆಯ ಜನ. ಹಾಲೆಂಡ್ ಇವರನ್ನು ರಿಯಲಿಸ್ಟಿಕ್ ಎಂದ. ಯಾಕೆ, ಹೇಗೆ ಎಂದು ಬೆನ್ನು ಹತ್ತುವವರು ಇನ್ವೆಸ್ಟಿಗೇಟಿವ್. ಸೀರೆಯ ಸೆರಗಿಗೆ ಹೊಸ ಬಣ್ಣ ಕಾಣುವವರು, ಹಾಡುವವರು ಆರ್ಟಿಸ್ಟಿಕ್. ಮನ ಒಲಿಸುವವರು, ಮುಂದಾಳತನ ವಹಿಸುವವರು ಎಂಟರ್‌ಪ್ರೈಸಿಂಗ್. ಲೆಕ್ಕ, ಕಡತ, ಕ್ರಮ ತಪ್ಪದವರು ಕನ್ವೆನ್ಷನಲ್. ಇನ್ನು ನಮ್ಮ ಕತೆಯ ನಾಯಕರಾದ ಆರನೆಯವರು, ಕಲಿಸುವವರು, ಸಂತೈಸುವವರು, ಆರೈಕೆ ಮಾಡುವವರು. 1959ರ ಬರಹದಲ್ಲಿ ಇವರನ್ನು ಆಸರೆ ಕೊಡುವವರು ಎಂಬರ್ಥದಲ್ಲಿ ಕರೆದಿದ್ದ ಹಾಲೆಂಡ್, ಆಮೇಲೆ ಸೋಷಿಯಲ್ ಎಂದು ಹೆಸರು ಬದಲಿಸಿದ. ಮಾತಿನಲ್ಲಿ, ಜನರ ಮನಸ್ಸು ಅರಿಯುವುದರಲ್ಲಿ ಇವರ ಕೈ ಮೇಲು. ಯಂತ್ರದ ಎದುರು ಒಂಟಿಯಾಗಿ ದಿನಗಟ್ಟಲೆ ಕೂರಿಸಿದರೆ ಸೊರಗುತ್ತಾರೆ.

ಇಲ್ಲಿಗೇ ನಿಂತಿದ್ದರೆ ಇದು ಜಾತಕದ ಹಾಗೆ ಆರು ಮನೆಗಳಲ್ಲಿ ಜನರನ್ನು ಕೂರಿಸುವ ಆಟವಾಗುತ್ತಿತ್ತು. ನಿಜವಾದ ಆವಿಷ್ಕಾರ ಎಂದು ನಾನು ಎಣಿಸುವುದು 1969ರದ್ದು. ಆಗ ಹಾಲೆಂಡ್ ಅಯೋವಾದಲ್ಲಿ, ಅಮೆರಿಕನ್ ಕಾಲೇಜ್ ಟೆಸ್ಟಿಂಗ್ ಸಂಸ್ಥೆಯಲ್ಲಿದ್ದ. ಆರು ಬಗೆಗಳಲ್ಲಿ ಯಾವುದು ಯಾವುದರ ಜತೆ ಎಷ್ಟು ನಂಟು ಇಟ್ಟುಕೊಂಡಿದೆ ಎಂಬ ಅಂಕಿಗಳನ್ನು ಅವನೂ ಸಹೋದ್ಯೋಗಿಗಳೂ ಹೊಂದಿಸಿ ನೋಡಿದಾಗ ಆರು ಬಿಂದುಗಳು ಒಂದು ಷಟ್ಕೋನವಾಗಿ ಕೂತವು. ರಿಯಲಿಸ್ಟಿಕ್ ಪಕ್ಕ ಇನ್ವೆಸ್ಟಿಗೇಟಿವ್, ಅದರ ಪಕ್ಕ ಆರ್ಟಿಸ್ಟಿಕ್, ಆಮೇಲೆ ಸೋಷಿಯಲ್, ಎಂಟರ್‌ಪ್ರೈಸಿಂಗ್, ಕನ್ವೆನ್ಷನಲ್, ಸುತ್ತಿ ಬಂದು ಮತ್ತೆ ರಿಯಲಿಸ್ಟಿಕ್. ಅಕ್ಕಪಕ್ಕದವು ನೆಂಟರು, ಎದುರುಬದುರಿನವು ದೂರದವರು. ಯಾರೂ ಒಂದೇ ಮೂಲೆಯಲ್ಲಿ ಪೂರ್ತಿ ಇರುವುದಿಲ್ಲ. ಬಲವಾದ ಒಂದು, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಹೀಗೆ ಮೂರು ಅಕ್ಷರಗಳ ಗುರುತು ಪ್ರತಿಯೊಬ್ಬರಿಗೂ ಸಿಗುತ್ತದೆ.

ಈ ಚಿತ್ರ ಕೈಗೆ ಬಂದ ಮೇಲೆ ಮಹಾಂತ ಸ್ವಾಮೀಜಿಯನ್ನೂ ಪಂಚಾಕ್ಷರಿ ಗವಾಯಿಗಳನ್ನೂ ನೋಡಿದರೆ ಅವರಿಬ್ಬರೂ ಯಾಕೆ ಒಂದೇ ಅಲ್ಲ ಎಂಬುದು ನನ್ನ ಮಟ್ಟಿಗೆ ತಿಳಿಯಾಯಿತು. ಇಬ್ಬರಲ್ಲೂ ಆಸರೆಯ ಗುಣ ಉಂಟು. ಒಬ್ಬರಲ್ಲಿ ಅದು ಮನ ಒಲಿಸುವ ಕಡೆಗೆ ಒರಗಿತ್ತು, ಇನ್ನೊಬ್ಬರಲ್ಲಿ ಕಲೆಯ ಕಡೆಗೆ. ಷಟ್ಕೋನದಲ್ಲಿ ಸೋಷಿಯಲ್‌ಗೆ ಎಡಬಲದ ನೆರೆಯವರು ಇವೇ ಎರಡು.

ಈಗ ಡಾಕ್ಟರಾಗು ಎಂಬ ಉತ್ತರಕ್ಕೆ ಬರೋಣ. ಹಾಲೆಂಡನ ಲೆಕ್ಕದಲ್ಲಿ ವೈದ್ಯರ ಗುರುತಿನ ಮೊದಲ ಅಕ್ಷರ ಇನ್ವೆಸ್ಟಿಗೇಟಿವ್. ರೋಗದ ಬೆನ್ನು ಹತ್ತಿ ಕಾರಣ ಹುಡುಕುವ ಬುದ್ಧಿ ಅಲ್ಲಿ ಮುಂದು, ಆರೈಕೆ ಅದರ ಬೆನ್ನಿಗೆ. ದಾದಿಯ ಕೆಲಸದಲ್ಲಿ ಸೋಷಿಯಲ್ ಮೊದಲು. ಶಿಕ್ಷಕರಲ್ಲಿ, ಸಮಾಜ ಕಾರ್ಯಕರ್ತರಲ್ಲಿ, ಆಪ್ತ ಸಮಾಲೋಚಕರಲ್ಲಿ, ವಿಶೇಷ ಶಿಕ್ಷಕರಲ್ಲಿಯೂ ಅದೇ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರಿಗೆ ಎರಡೂ ಬಲವಾಗಿ ಬೇಕು. 108 ಆಂಬ್ಯುಲೆನ್ಸಿನಲ್ಲಿ ಬರುವ ತುರ್ತು ಚಿಕಿತ್ಸಾ ತಂತ್ರಜ್ಞರಿಗೆ, ಕೃತಕ ಕಾಲು ಕೂರಿಸುವವರಿಗೆ ಮರುಕದಷ್ಟೇ ಕೈಚಳಕವೂ ಬೇಕು. ನೀಟ್ ಪರೀಕ್ಷೆಯಲ್ಲಿ ಸೀಟು ತಪ್ಪಿತೆಂದು ಊಟ ಬಿಟ್ಟು ಕೂತ ಮಗುವಿಗೆ ಯಾರಾದರೂ ಇದನ್ನು ಕೂರಿಸಿಕೊಂಡು ಹೇಳಬೇಕು. ಅವಳು ಕಳಕೊಂಡದ್ದು ಒಂದು ಸೀಟು. ಜನರಿಗೆ ಒದಗುವ ಅವಳ ಗುಣ ಎಲ್ಲಿಗೂ ಹೋಗಿಲ್ಲ, ಬಹುಶಃ ಆ ಗುಣಕ್ಕೆ ಎಂಬಿಬಿಎಸ್‌ಗಿಂತ ಬಿ.ಎಸ್ಸಿ. ನರ್ಸಿಂಗೇ ಹತ್ತಿರದ ಮನೆ.

ಹುನಗುಂದದ ಒಬ್ಬ ಹುಡುಗಿಯನ್ನು ಕಣ್ಮುಂದೆ ತಂದುಕೊಳ್ಳಿ. ಪಿಂಚಣಿ ಬರುವ ದಿನ ಬ್ಯಾಂಕಿನಲ್ಲಿ ಮುದುಕಿಯರು ಚೀಟಿ ಹಿಡಿದು ನಿಂತಿರುತ್ತಾರೆ. “ಯವ್ವಾ, ಇದನ್ನೊಂದಿಷ್ಟು ತುಂಬಿಕೊಡವಾ” ಅಂದರೆ ತನ್ನ ಕೆಲಸ ಬಿಟ್ಟು ಪಾಸ್‌ಬುಕ್ ನೋಡಿ, ಖಾತೆ ಸಂಖ್ಯೆ ಒಂದೂ ತಪ್ಪದಂತೆ ಬರೆದು, ಹೆಬ್ಬೆಟ್ಟು ಒತ್ತಿಸಿ, ಮುಂದಿನ ತಿಂಗಳು ಯಾವ ಕಾಗದ ತರಬೇಕು ಎಂದೂ ಹೇಳಿ ಕಳಿಸುತ್ತಾಳೆ. ಅವಳ ಅಕ್ಕ ಬೇರೆ ಥರ. ನೆರೆಮನೆಯಲ್ಲಿ ಯಾರಾದರೂ ಸತ್ತರೆ ಅಳುವವರ ಪಕ್ಕ ಮಾತಿಲ್ಲದೆ ಕೂರಬಲ್ಲಳು, ಆದರೆ ಅರ್ಜಿ ಎಂದರೆ ದೂರ ಓಡುತ್ತಾಳೆ. ಇಬ್ಬರೂ ಸಹಾಯಕ್ಕೆ ನಿಲ್ಲುವವರೇ. ಮೊದಲನೆಯವಳನ್ನು ಆಸ್ಪತ್ರೆಯ ದಾಖಲೆ ವಿಭಾಗಕ್ಕೋ, ಗ್ರಾಮ ಪಂಚಾಯಿತಿಯ ಕೆಲಸಕ್ಕೋ, ಸ್ವಸಹಾಯ ಸಂಘಗಳ ಲೆಕ್ಕ ನೋಡುವ ಕೆಲಸಕ್ಕೋ ಹಾಕಿದರೆ ಸಾವಿರಾರು ಮಂದಿಗೆ ಉಪಕಾರ. ಎರಡನೆಯವಳ ಜಾಗ ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆಯ ವಾರ್ಡು. ಅದಲುಬದಲು ಮಾಡಿದರೆ ಇಬ್ಬರೂ ಒಣಗುತ್ತಾರೆ. ಕೇಳದೆಯೂ ಕೈ ಯಾವ ಕೆಲಸಕ್ಕೆ ಹೋಗುತ್ತದೆ ಎಂದು ನೋಡಬೇಕು. ಹಾಲೆಂಡ್ ಸೈನ್ಯದ ಕೋಣೆಯಲ್ಲಿ ನೋಡಿದ್ದು ಅದನ್ನೇ, ಜನ ಆಗಲೇ ಮಾಡಿಕೊಂಡು ಬಂದದ್ದನ್ನು.

ಮೊಬೈಲಿನಲ್ಲಿ ಸಿಗುವ ನಾಲ್ಕಕ್ಷರದ ವ್ಯಕ್ತಿತ್ವ ಪರೀಕ್ಷೆಗಳ ಬಗ್ಗೆ ಒಂದು ಮಾತು. ಕಾರ್ಲ್ ಯುಂಗ್ 1921ರಲ್ಲಿ ಬರೆದ ಪುಸ್ತಕದ ಆಧಾರದ ಮೇಲೆ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಕಟ್ಟಿದ ಪದ್ಧತಿ ಅವುಗಳ ಮೂಲ. ನೀನು ಇಂಥ ಬಗೆ, ನೀನು ಹುಟ್ಟಾ ಸಮಾಲೋಚಕ ಎಂದು ಅದು ಹೇಳಿದಾಗ ಖುಷಿಯೇನೋ ಆಗುತ್ತದೆ. ಆದರೆ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಎಷ್ಟೋ ಜನರಿಗೆ ಬೇರೆಯೇ ಅಕ್ಷರಗಳು ಬರುತ್ತವೆ. ಅದನ್ನು ನಂಬಿ ಓದಿನ ದಾರಿ ಆರಿಸಿಕೊಳ್ಳಬೇಡಿ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹಾಲೆಂಡನ ಷಟ್ಕೋನವೂ ಎಲ್ಲ ನೆಲದಲ್ಲೂ ಒಂದೇ ಥರ ಬೇರು ಬಿಡಲಿಲ್ಲ. 1998ರಲ್ಲಿ ಫ್ರೆಡರಿಕ್ ಲಿಯಾಂಗ್ ಮತ್ತು ಸಂಗಡಿಗರು ಭಾರತದ ಉದ್ಯೋಗಸ್ಥರನ್ನು ಅಧ್ಯಯನ ಮಾಡಿದರು. ಸ್ವಭಾವಕ್ಕೆ ಹೊಂದುವ ಕೆಲಸದಲ್ಲಿದ್ದವರಿಗೆ ಕೆಲಸದ ತೃಪ್ತಿ ಹೆಚ್ಚು ಎಂಬ ಸಿದ್ಧಾಂತದ ಮಾತು ಇಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಗಿಡಿಯನ್ ಅರುಳ್ಮಣಿ ಅವರು ದೀರ್ಘಕಾಲ ಈ ವಿಷಯದ ಮೇಲೆ ದುಡಿದವರು. ನಮ್ಮಲ್ಲಿ ಉದ್ಯೋಗದ ಆಯ್ಕೆ ಒಬ್ಬರ ಇಷ್ಟದ ಮಾತಲ್ಲ, ಮನೆತನದ ನಂಬಿಕೆ, ಊರಿನ ಕಣ್ಣು, ಯಾವ ಕೆಲಸ ಯಾರಿಗೆ ತಕ್ಕದ್ದು ಎಂಬ ಹಳೆಯ ಎಣಿಕೆಗಳೆಲ್ಲ ಅದರಲ್ಲಿ ಕೂಡಿರುತ್ತವೆ, ಸಲಹೆ ಕೊಡುವವರು ಅಲ್ಲಿಂದಲೇ ಶುರು ಮಾಡಬೇಕು ಎಂಬುದು ಅವರ ವಾದ. ದಾದಿಯಾಗುತ್ತೇನೆ ಎಂದ ಹುಡುಗಿಗೆ, ರಾತ್ರಿ ಪಾಳಿ ಮಾಡುವವಳನ್ನು ಯಾರು ಮದುವೆಯಾಗುತ್ತಾರೆ ಎಂದು ಕೇಳುವ ಅತ್ತೆಯಂದಿರ ನಾಡಿನಲ್ಲಿ ಆ ಮಾತಿನ ತೂಕ ಎಲ್ಲರಿಗೂ ಗೊತ್ತು.

ಸಹಾಯಕ್ಕೆ ತಕ್ಕವರು ಯಾರು ಎಂಬ ಪ್ರಶ್ನೆಗೆ ಬಾಗಲಕೋಟೆ ಜಿಲ್ಲೆಯೇ ಕೊಟ್ಟ ಒಂದು ಉತ್ತರವಿದೆ. ಹಾಲೆಂಡನ ಪಟ್ಟಿಗೆ ಅದು ಸಿಗುವಂಥದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಭಾರತ ಕೆನಡಾ ಸಹಯೋಗದ ಎಚ್‌ಐವಿ ಏಡ್ಸ್ ಯೋಜನೆ ಇಲ್ಲಿ ಪ್ರಾತ್ಯಕ್ಷಿಕೆಯ ಕೆಲಸ ನಡೆಸಿತು. 2003ರಲ್ಲಿ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ವಯಸ್ಕರಲ್ಲಿ ನೂರಕ್ಕೆ 2.9 ಮಂದಿಗೆ ಎಚ್‌ಐವಿ ಇತ್ತು. ರೋಗ ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು ಬೇರೂರಿತ್ತು, ಒಂದು ತಾಲ್ಲೂಕಿಗೂ ಇನ್ನೊಂದಕ್ಕೂ ಅಜಗಜಾಂತರವಿತ್ತು. ದೇವದಾಸಿ ಪದ್ಧತಿಗೆ 1982ರ ಕಾಯ್ದೆ ನಿಷೇಧ ಹಾಕಿದ್ದರೂ ಅದರ ನೆರಳು ಈ ಸೀಮೆಯ ಹಳ್ಳಿಗಳಿಂದ ಸರಿದಿರಲಿಲ್ಲ. ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳು ಪೇಟೆಯ ಒಂದು ಬೀದಿಯಲ್ಲಿರದೆ ಊರೂರಲ್ಲಿ ತಮ್ಮ ಮನೆಗಳಲ್ಲೇ ಇದ್ದರು.

ಅವರ ಹತ್ತಿರ ಹೋಗುವವರು ಯಾರು? ಬಿಳಿ ಸೀರೆಯ ಸಿಸ್ಟರ್ ಹೋಗಿ ಕದ ತಟ್ಟಿದರೆ ಮರುದಿನವೇ ಓಣಿಯೆಲ್ಲ ಸುದ್ದಿ. ಎಷ್ಟೇ ಮರುಕವಿದ್ದರೂ ಹೊರಗಿನವರು ಹೊರಗಿನವರೇ. ಆ ಹೆಣ್ಣುಮಕ್ಕಳೊಳಗಿಂದಲೇ ಕೆಲವರನ್ನು ತರಬೇತು ಮಾಡಿ ಸಂಗಾತಿ ಶಿಕ್ಷಕಿಯರನ್ನಾಗಿ ನಿಲ್ಲಿಸಲಾಯಿತು. ಅವರು ಕಾಂಡೋಮ್ ತಲುಪಿಸಿದರು, ಪರೀಕ್ಷೆಗೆ ಹೆದರುವವಳ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದರು, ಫಲಿತಾಂಶ ಬಂದ ಸಂಜೆ ಅವಳ ಮನೆಯಲ್ಲಿ ಕೂತರು. ಹಳ್ಳಿಯವರೇ ಆದ ಯುವಕ ಯುವತಿಯರನ್ನು ಊರಿಗೂ ಆಸ್ಪತ್ರೆಗೂ ನಡುವಿನ ಕೊಂಡಿಯಾಗಿಸುವ ಲಿಂಕ್ ವರ್ಕರ್ ಯೋಜನೆ, 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ದೇಶದ ಅನೇಕ ಜಿಲ್ಲೆಗಳಿಗೆ ಹೋಯಿತು.

ಯಾವ ಉದ್ಯೋಗ ಸಲಹಾ ಕೇಂದ್ರವೂ ಈ ಹೆಣ್ಣುಮಕ್ಕಳನ್ನು ಸಮಾಲೋಚಕಿಯರ ಪಟ್ಟಿಗೆ ಸೇರಿಸುತ್ತಿರಲಿಲ್ಲ. ಅವರಿಗಿದ್ದ ಅರ್ಹತೆ ಅದೇ ಕಷ್ಟ ಉಂಡದ್ದು. ಫ್ರಾಂಕ್ ರೀಸ್‌ಮನ್ ಎಂಬ ಅಮೆರಿಕದ ಸಮಾಜ ಮನಶ್ಶಾಸ್ತ್ರಜ್ಞ 1965ರಲ್ಲೇ ಇದರ ಇನ್ನೊಂದು ಮುಖವನ್ನು ಗುರುತಿಸಿದ್ದ. ಕುಡಿತ ಬಿಟ್ಟವರು ಬಿಡಬೇಕೆನ್ನುವವರಿಗೆ ನೆರವಾಗುವ ಕೂಟಗಳಂಥ ಕಡೆ, ನೆರವು ಪಡೆದವರಿಗಿಂತ ಕೊಟ್ಟವರಿಗೇ ಎಷ್ಟೋ ಸಲ ಹೆಚ್ಚು ಲಾಭವಾಗುತ್ತದೆ ಎಂದು ಆತ ಬರೆದ. ಸಹಾಯದ ಗುಣ ಹುಟ್ಟಿನಿಂದ ಮಾತ್ರ ಬರುವುದಿಲ್ಲ, ಮಾಡುತ್ತ ಮಾಡುತ್ತ ಬೆಳೆಯುತ್ತದೆ ಎಂಬ ಈ ಮಾತನ್ನು ಷಟ್ಕೋನದ ಪಕ್ಕದಲ್ಲಿಟ್ಟುಕೊಳ್ಳದೆ ಯಾವ ಮಗುವಿಗೂ ಸಲಹೆ ಕೊಡಬಾರದು.

ಬೆಳೆದ ಗುಣ ಬತ್ತುವುದೂ ಉಂಟು. 1970ರ ದಶಕದ ಆರಂಭದಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಹಗಲೆಲ್ಲ ಬೇರೆ ಕಡೆ ದುಡಿದು ರಾತ್ರಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದ. ಅತಿ ಹುರುಪಿನಿಂದ ಬಂದ ಸ್ವಯಂಸೇವಕರೇ ಮೊದಲು ಕುಗ್ಗಿ, ಸಿಡುಕಿ, ಕೊನೆಗೆ ರೋಗಿಗಳನ್ನೇ ದೂರತೊಡಗುವುದನ್ನು ಕಂಡು 1974ರಲ್ಲಿ ಬರ್ನೌಟ್ ಎಂಬುದನ್ನು ವಿವರಿಸಿ ಬರೆದ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದಕ್ಕೆ ಅಳತೆಗೋಲು ಕೊಟ್ಟರು: ಮನಸ್ಸಿನ ದಣಿವು, ಎದುರಿನವರನ್ನು ಮನುಷ್ಯರಂತೆ ಕಾಣಲಾರದ ಜಡ್ಡು, ನನ್ನಿಂದ ಏನೂ ಆಗುತ್ತಿಲ್ಲವೆಂಬ ಕುಗ್ಗು. ಒಳ್ಳೆಯವರಾಗಿರುವುದು ಇದರಿಂದ ಯಾರನ್ನೂ ಕಾಯುವುದಿಲ್ಲ. ಕಾಯುವುದು ಸರಿಯಾದ ಪಾಳಿ, ರಜೆ, ಹಿರಿಯರೊಬ್ಬರ ಹತ್ತಿರ ಹೇಳಿಕೊಳ್ಳುವ ಅವಕಾಶ, ತಕ್ಕ ಸಂಬಳ.

ಸಂಬಳದ ಮಾತನ್ನು ನಾವು ಬೇಕೆಂದೇ ನುಂಗುತ್ತೇವೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಹೆಣ್ಣುಮಗಳನ್ನು ಆಶಾ ಕಾರ್ಯಕರ್ತೆಯಾಗಿ ಆರಿಸಿದರು. ಊರು ಅವಳನ್ನು ಬಲ್ಲದು, ಅವಳು ಊರನ್ನು ಬಲ್ಲಳು. ಆಯ್ಕೆಯ ತತ್ವ ಅಚ್ಚುಕಟ್ಟು. ಆದರೆ ಅವಳನ್ನು ನೌಕರಳೆನ್ನದೆ ಸ್ವಯಂಸೇವಕಿ ಎಂದರು, ಸಂಬಳದ ಬದಲು ಪ್ರೋತ್ಸಾಹಧನ ಕೊಟ್ಟರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಗೌರವ ಸಲ್ಲಿಸಿತು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾಗಳು ನಿಶ್ಚಿತ ಗೌರವಧನ ಕೇಳುತ್ತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಸೇವೆ ಎಂದು ಕೈಮುಗಿದು ಕಡಿಮೆ ಕೂಲಿ ಕೊಡುವುದು ಅನ್ಯಾಯ. ಮಕ್ಕಳಿಗೆ ಸಹಾಯದ ಉದ್ಯೋಗಗಳನ್ನು ತೋರಿಸುವಾಗ ಆ ಉದ್ಯೋಗ ಎಷ್ಟು ದುಡಿಸುತ್ತದೆ, ಎಷ್ಟು ಕೊಡುತ್ತದೆ ಎಂಬುದನ್ನೂ ಬಿಚ್ಚಿ ಹೇಳಬೇಕು.

ದಾರಿಗಳು ಹಿಂದಿಗಿಂತ ಹೆಚ್ಚಿವೆ ಎಂಬುದೂ ನಿಜ. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ ಬಾಗಲಕೋಟೆಯಲ್ಲೇ ವೈದ್ಯಕೀಯ ಕಾಲೇಜನ್ನೂ ನರ್ಸಿಂಗ್ ಕಾಲೇಜನ್ನೂ ನಡೆಸುತ್ತದೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ತರಬೇತಿಗೆ ಈ ಭಾಗದ ದೊಡ್ಡ ನೆಲೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕೇ ಬೇಕು. ಬರೀ ಬಿ.ಎ. ಮುಗಿಸಿ ಫಲಕ ತೂಗುಹಾಕುವವರ ಮಾತಿಗೆ ಮರುಳಾಗಬಾರದು.

ಹಾಲೆಂಡ್ ತೀರಿಕೊಂಡದ್ದು 2008ರಲ್ಲಿ. ಅವನ ನಂತರ ಬಂದ ಒಂದು ಕೆಲಸ ಈಗ ನಮ್ಮಲ್ಲಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಸಹಾಯವಾಣಿ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು. ಬಾದಾಮಿಯ ಕಡೆಯ ರೈತನೊಬ್ಬ ನಡುರಾತ್ರಿ ಕರೆ ಮಾಡಿ “ಎದಿ ಭಾರ ಆಗ್ಯಾದ್ರಿ, ಮನಿಯಾಗ ನಿಂದ್ರಾಕ ಆಗವಲ್ದು” ಎಂದರೆ, ಆ ಮಾತಿನ ಹಿಂದೆ ಸಾಲವಿದೆಯೋ, ಸಾವಿನ ಯೋಚನೆಯಿದೆಯೋ ಎಂದು ಕಿವಿಯಲ್ಲೇ ಅಳೆಯುವವರು ಆಚೆ ಬದಿಯಲ್ಲಿರಬೇಕು. ಅದಕ್ಕೆ ಮನಶ್ಶಾಸ್ತ್ರ, ಸಮಾಜಕಾರ್ಯ ಅಥವಾ ನರ್ಸಿಂಗ್ ಓದಿರಬೇಕು, ತರಬೇತಿ ಪಡೆದಿರಬೇಕು. ಜತೆಗೆ ಇಳಕಲ್, ಹುನಗುಂದದ ಓಣಿಗಳಲ್ಲಿ ಬೆಳೆದ ಕಿವಿ ಇದ್ದರೆ ಕರೆ ಮಾಡಿದವನ ಅರ್ಧ ಸಂಕೋಚ ಅಲ್ಲೇ ಇಳಿಯುತ್ತದೆ. ಮುಂದೆ ಬಿ.ಎ.ಯಲ್ಲಿ ಮನಶ್ಶಾಸ್ತ್ರ ಆರಿಸಿಕೊಳ್ಳಬಹುದಾದ ಈ ತಾಲ್ಲೂಕುಗಳ ಮಕ್ಕಳಿಗೆ ಇಂಥ ಕೆಲಸಗಳಿವೆ ಎಂಬುದನ್ನು ಹೇಳಬೇಕಾದ್ದು ಕೊನೆಯ ವರ್ಷದ ಫಲಿತಾಂಶ ಬಂದ ಮೇಲಲ್ಲ, ಪಿಯುಸಿಗೆ ಸೇರುವ ಜೂನ್ ತಿಂಗಳಲ್ಲೇ.